ಗುಜರಿಗೆ ಹೋಗಬೇಕಿದ್ದ ವಿಮಾನಗಳು

ಮನೆಗೆ ಬಂದವರು ಹಜಾರದ ಕಪಾಟಿನ ಮುಂದೆ ನಿಂತರೆ ಕೇಳುವುದು ಒಂದೇ ಪ್ರಶ್ನೆ: "ಇದು ಹಾರ್ತದಾ?" ಪಕ್ಕದ ಮನೆಯ ಮಕ್ಕಳು ಕೇಳುತ್ತಾರೆ, ಮದುವೆಗೆ ಕರೆಯಲು ಬಂದ ನೆಂಟರು ಕೇಳುತ್ತಾರೆ, ಗ್ಯಾಸ್ ಸಿಲಿಂಡರ್ ಇಳಿಸಲು ಬಂದ ಹುಡುಗನೂ ಕೇಳಿದ್ದಾನೆ. ಕಪಾಟಿನಲ್ಲಿರುವುದೆಲ್ಲ ರಟ್ಟಿನ ವಿಮಾನಗಳು. ಟೂತ್‌ಪೇಸ್ಟಿನ ಡಬ್ಬಿ, ಕಾರ್ನ್‌ಫ್ಲೇಕ್ಸಿನ ಪೆಟ್ಟಿಗೆ, ಅಗರಬತ್ತಿಯ ಕವಚ, ಹೊಸ ಅಂಗಿಯ ಬೆನ್ನಿಗೆ ಇಟ್ಟು ಕೊಡುವ ತೆಳು ರಟ್ಟು, ಮುಹೂರ್ತ ಕಳೆದ ಲಗ್ನಪತ್ರಿಕೆ, ಮಾತ್ರೆ ಮುಗಿದ ಪಾರದರ್ಶಕ ಶೀಟು. ತಿಂಗಳ ಕೊನೆಗೆ ಗುಜರಿಯವರ ಚೀಲ ಸೇರಬೇಕಿದ್ದ ಸಾಮಾನು ಇಷ್ಟೂ. ಹಾರುವುದಿಲ್ಲ ಎಂದು ಹೇಳಿದ ಕೂಡಲೇ ಕೇಳಿದವರ ಉತ್ಸಾಹ ಇಳಿಯುತ್ತದೆ. "ಹಾರದಿದ್ರೆ ಮತ್ತೆ ಎಂತಕ್ಕೆ ಮಾಡೋದು?" ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ.

ಈ ಎರಡನೆಯ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಂಬಾಲಿಸಿದೆ. ಹವ್ಯಾಸ, ಸಮಯ ಕಳೆಯುವುದಕ್ಕೆ ಎಂದು ಹೇಳಿ ಮುಗಿಸಬಹುದು, ಆದರೆ ಅದು ನಿಜವಲ್ಲ. ರಾತ್ರಿ ಊಟವಾದ ಮೇಲೆ ಮೇಜಿನ ಮುಂದೆ ಕೂತು ಬಿಸ್ಕೆಟ್ಟಿನ ಡಬ್ಬಿಯೊಂದರ ಅಂಟು ಬಿಡಿಸಿ ಹಾಸಿದಾಗ ನನಗೆ ಸಿಗುವುದು ಹೊತ್ತು ಕಳೆದ ಸಮಾಧಾನವಲ್ಲ. ಅಲ್ಲಿ ಏನೋ ಗೊತ್ತಾಗುತ್ತದೆ. ಆ ಗೊತ್ತಾಗುವುದು ಏನು ಎಂದು ಈಚೆಗೆ ಯೋಚಿಸುತ್ತಿದ್ದೇನೆ.

ಹಾರಾಟದ ಲೆಕ್ಕ

ಮೊದಲು ಹಾರಾಟದ ವಿಷಯ. ಎರಡು ಪ್ರೊಪೆಲ್ಲರಿನ ಸಣ್ಣ ಪ್ರಯಾಣಿಕರ ವಿಮಾನ ಎಟಿಆರ್ 72 ಅನ್ನೇ ತೆಗೆದುಕೊಳ್ಳಿ. ಅದರ ರೆಕ್ಕೆಯ ಹರವು 27.05 ಮೀಟರ್, ಮೂತಿಯಿಂದ ಬಾಲದವರೆಗೆ ಉದ್ದ 27.17 ಮೀಟರ್. ನೂರರಲ್ಲೊಂದು ಅಳತೆಗೆ ಇಳಿಸಿದರೆ ಎರಡೂ 27 ಸೆಂಟಿಮೀಟರ್. ಇಡೀ ವಿಮಾನ ಒಂದು ಚೌಕದೊಳಗೆ ಕೂರುತ್ತದೆ. ರೆಕ್ಕೆಯ ವಿಸ್ತೀರ್ಣ 61 ಚದರ ಮೀಟರ್. ಉದ್ದ ನೂರು ಪಟ್ಟು ಕಡಿಮೆಯಾದಾಗ ವಿಸ್ತೀರ್ಣ ಹತ್ತು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಹಾಗಾಗಿ ಮಾದರಿಗೆ ಸಿಗುವುದು 61 ಚದರ ಸೆಂಟಿಮೀಟರ್ ರೆಕ್ಕೆ. ಒಳಗಿನ ಉಂಗುರಗಳು, ಅಂಟು, ಚಕ್ರ ಎಲ್ಲ ಸೇರಿ ರಟ್ಟಿನ ವಿಮಾನ ಇಪ್ಪತ್ತು ಗ್ರಾಮಿನ ಆಸುಪಾಸು ತೂಗುತ್ತದೆ. ಇನ್ನು ಮಕ್ಕಳು ತರಗತಿಯಲ್ಲಿ ಮಡಚಿ ಎಸೆಯುವ ವಿಮಾನ ನೋಡಿ. 80 ಜಿಎಸ್ಎಂನ (ಚದರ ಮೀಟರಿಗೆ 80 ಗ್ರಾಮ್ ತೂಗುವ) ಒಂದು ಎ4 ಹಾಳೆಯ ತೂಕ 5 ಗ್ರಾಮ್, ಮಡಚಿದ ಮೇಲೂ ನೂರೈವತ್ತು ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ರೆಕ್ಕೆ ಅದಕ್ಕಿರುತ್ತದೆ. ಅಂದರೆ ನನ್ನ ಎಟಿಆರ್‌ನ ರೆಕ್ಕೆ, ಪ್ರತಿ ಚದರ ಸೆಂಟಿಮೀಟರಿಗೆ, ಮಕ್ಕಳ ವಿಮಾನದ ರೆಕ್ಕೆಗಿಂತ ಹತ್ತು ಪಟ್ಟು ಭಾರ ಹೊರಬೇಕು. ಅದಕ್ಕೆ ಮೂರು ಪಟ್ಟು ವೇಗ ಬೇಕು. ಕೈಯಿಂದ ಎಸೆದರೆ ಆ ವೇಗ ಬರುವುದಿಲ್ಲ. ಬಂದರೂ ಮೂತಿಗೆ ಭಾರ ಕಟ್ಟಿ ತೂಕದ ಕೇಂದ್ರವನ್ನು ರೆಕ್ಕೆಯ ಮುಂಭಾಗಕ್ಕೆ ತರದಿದ್ದರೆ ವಿಮಾನ ಮೂತಿ ಎತ್ತಿ, ನಿಂತು, ಮಗುಚಿ ಬೀಳುತ್ತದೆ.

ಹಾರುವ ಕಾಗದದ ವಿಮಾನಗಳನ್ನು ಬದುಕಿಡೀ ಮಾಡಿದವರಿದ್ದಾರೆ. 1967ರಲ್ಲಿ ಅಮೆರಿಕದಲ್ಲಿ ಮುಗಿದ ಅಂತರರಾಷ್ಟ್ರೀಯ ಕಾಗದ ವಿಮಾನ ಸ್ಪರ್ಧೆಯಲ್ಲಿ ಗೆದ್ದ ಜಪಾನಿನ ಎಂಜಿನಿಯರ್ ಯಸುವಾಕಿ ನಿನೊಮಿಯಾ ಅವರ ವಿಮಾನಗಳನ್ನು ನೋಡಿದರೆ ಹಾರಲು ಏನು ಬಿಟ್ಟುಕೊಡಬೇಕು ಎಂದು ತಿಳಿಯುತ್ತದೆ. ಅವುಗಳ ಒಡಲು ದುಂಡಗಿಲ್ಲ. ಕಾಗದದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಚಪ್ಪಟೆ ಪಟ್ಟಿ ಅದು. ಕಿಟಕಿಯಿಲ್ಲ, ಬಾಗಿಲಿಲ್ಲ, ಒಳಗೆ ಜಾಗವೂ ಇಲ್ಲ. ಅವು ಅದ್ಭುತವಾಗಿ ಹಾರುತ್ತವೆ. ಆ ದಾರಿ ನನಗೆ ಗೌರವದ್ದು. ಆದರೆ ನನಗೆ ಬೇಕಾದದ್ದು ಜನ ಕೂರುವ, ಸಾಮಾನು ಹೇರುವ, ಒಳಗೆ ಟೊಳ್ಳಾದ ಆ ದುಂಡು ಒಡಲು. ತೆಳು ಹಾಳೆಯೊಂದು ಹೇಗೆ ಅಷ್ಟು ದೊಡ್ಡ ಟೊಳ್ಳನ್ನು ಹಿಡಿದು ನಿಲ್ಲುತ್ತದೆ ಎಂಬುದೇ ನನ್ನ ಕುತೂಹಲ.

ಡಬ್ಬಿ ಮಾಡಿದವರ ಲೆಕ್ಕ

ಶಾಲೆಗಳಲ್ಲಿ 'ಕಸದಿಂದ ರಸ' ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಬಹುಮಾನ ಬರುವ ವಸ್ತುಗಳಲ್ಲಿ ಡಬ್ಬಿ ಡಬ್ಬಿಯಾಗಿ ಕಾಣಿಸುವುದೇ ಇಲ್ಲ. ಮೇಲೆ ಬಣ್ಣದ ಕಾಗದ, ಜರಿ, ಮಿಂಚು ಮೆತ್ತಿರುತ್ತಾರೆ. ಡಬ್ಬಿ ಒಂದು ನಾಚಿಕೆಯ ವಿಷಯ, ಅದನ್ನು ಮುಚ್ಚಿದರೆ ಕಲೆ ಎಂಬ ಭಾವನೆ ಅದರ ಹಿಂದಿದೆ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಟೂತ್‌ಪೇಸ್ಟಿನ ಡಬ್ಬಿಯ ಅಂಟು ಬಿಡಿಸಿ ಮೇಜಿನ ಮೇಲೆ ಹಾಸಿ ನೋಡಿ. ಅಗಲದ ಮುಖಗಳು, ಕಿರಿದಾದ ಬದಿಗಳು, ಅಂಟು ಹಚ್ಚಲೆಂದೇ ಬಿಟ್ಟ ಪಟ್ಟಿ, ಒಂದರೊಳಗೊಂದು ಸಿಕ್ಕಿಕೊಳ್ಳುವ ಕಿವಿಗಳು, ಪ್ರತಿ ಮಡಿಕೆಯಲ್ಲೂ ಮೊದಲೇ ಒತ್ತಿದ ಗೀರು. ಹಾಸಿಟ್ಟಾಗ ಕೈಯಲ್ಲಿ ಬಳುಕುವ ಅದೇ ರಟ್ಟು, ಮಡಚಿ ಅಂಟಿಸಿದ ಮೇಲೆ ಲಾರಿಯಲ್ಲಿ ಒಂದರ ಮೇಲೊಂದು ಪೇರಿಸಿದರೂ, ಘಾಟಿಯ ತಿರುವುಗಳಲ್ಲಿ ಅಲುಗಾಡಿದರೂ ಆಕಾರ ಬಿಡುವುದಿಲ್ಲ. ರಟ್ಟು ದಪ್ಪವಾಗಲಿಲ್ಲ. ಮಡಿಕೆಯೇ ಅದಕ್ಕೆ ಬಲ ಕೊಟ್ಟಿತು.

ವಿಮಾನ ಕಟ್ಟುವವರ ಮುಂದೆ ಇರುವುದೂ ಇದೇ ಸಮಸ್ಯೆ. ಭಾರ ಕಡಿಮೆಯಿರಬೇಕು, ಆದರೆ ಬಾಗಬಾರದು, ಕುಸಿಯಬಾರದು. ಪ್ರಯಾಣಿಕರ ವಿಮಾನದ ಒಡಲಿನ ಅಲ್ಯುಮಿನಿಯಂ ಚರ್ಮ ಬಹುಪಾಲು ಕಡೆ ಒಂದೆರಡು ಮಿಲಿಮೀಟರ್ ದಪ್ಪ ಮಾತ್ರ. ಅದಕ್ಕೆ ಒಳಗಿನಿಂದ ಸಾಲಾಗಿ ಉಂಗುರಗಳು, ಉದ್ದಕ್ಕೆ ಮಡಿಚಿದ ಪಟ್ಟಿಗಳು. ಚರ್ಮವೂ ಭಾರ ಹೊರುತ್ತದೆ, ಉಂಗುರವೂ ಹೊರುತ್ತದೆ. ಈ ಕ್ರಮವನ್ನು ಪುಸ್ತಕದಲ್ಲಿ ಓದಿದ್ದೆ, ಚಿತ್ರದಲ್ಲಿ ನೋಡಿದ್ದೆ. ಆದರೆ ಕಾರ್ನ್‌ಫ್ಲೇಕ್ಸಿನ ರಟ್ಟನ್ನು ಕೊಳವೆಯಾಗಿ ಸುತ್ತಿ, ಒಳಗೆ ದುಂಡನೆ ಬಿಲ್ಲೆಗಳನ್ನು ಕತ್ತರಿಸಿ ಕೂರಿಸುವ ಮೊದಲು ಹಾಗೂ ಕೂರಿಸಿದ ಮೇಲೆ ಎರಡು ಬೆರಳಲ್ಲಿ ಹಿಸುಕಿ ನೋಡಿದ ದಿನವೇ ಅದು ನನಗೆ ನಿಜವಾಗಿ ಗೊತ್ತಾದದ್ದು. ಮೊದಲು ಚಪ್ಪಟೆಯಾಗುತ್ತಿದ್ದ ಕೊಳವೆ ಆಮೇಲೆ ಜಗ್ಗಲಿಲ್ಲ.

ಫ್ರಿಜ್, ಟಿವಿ ಬರುವ ದೊಡ್ಡ ಪೆಟ್ಟಿಗೆಯ ಅಂಚನ್ನು ನೋಡಿ. ಎರಡು ಹಾಳೆಗಳ ನಡುವೆ ಅಲೆಯಲೆಯಾದ ಇನ್ನೊಂದು ಹಾಳೆ. ಎರಡು ತೆಳು ಪದರಗಳನ್ನು ಒಂದಕ್ಕೊಂದು ದೂರ ಹಿಡಿದಿಟ್ಟರೆ ಸಾಕು, ನಡುವೆ ಬಹುಪಾಲು ಗಾಳಿಯೇ ಇದ್ದರೂ ಹಲಗೆ ಗಟ್ಟಿಯಾಗುತ್ತದೆ. ಇಂದಿನ ವಿಮಾನಗಳ ನೆಲಹಾಸಿನ ಹಲಗೆಗಳೂ ಇದೇ ಬಗೆಯವು, ನಡುವೆ ಅಲೆಯ ಬದಲು ಜೇನುಗೂಡಿನ ಆಕಾರದ ಕೋಣೆಗಳು. ಆ ಕೋಣೆಗಳನ್ನು ಹಲವು ವಿಮಾನಗಳಲ್ಲಿ ಮಾಡುವುದು ಅರಾಮಿಡ್ ಎಂಬ ಬೆಂಕಿಗೆ ಜಗ್ಗದ ನಾರಿನ ಕಾಗದದಿಂದ. ಆ ಕಾಗದವನ್ನು ಫೀನಾಲಿಕ್ ರಾಳದಲ್ಲಿ ಅದ್ದಿ ಗಟ್ಟಿ ಮಾಡಿರುತ್ತಾರೆ. ನಿಜವಾದ ವಿಮಾನದಲ್ಲಿ ನಡೆದು ಸೀಟು ಹುಡುಕುವಾಗ ನಮ್ಮ ಕಾಲಡಿಗೆ ಇರುವುದು ಒಂದು ಬಗೆಯ ಕಾಗದವೇ. ಇದನ್ನು ತಿಳಿದ ದಿನ ನನಗಾದ ಸಂತೋಷ ಇನ್ನೂ ಆರಿಲ್ಲ.

ನಾರು ಓಡುವ ಕಡೆ

ಕಾಗದಕ್ಕೆ ದಿಕ್ಕಿದೆ. ಗಿರಣಿಯಲ್ಲಿ ನೀರಲ್ಲಿ ಕದಡಿದ ನಾರು ಓಡುವ ಜರಡಿಯ ಮೇಲೆ ಬೀಳುತ್ತದೆ. ಜರಡಿ ಓಡುವ ಕಡೆಗೇ ಹೆಚ್ಚಿನ ಎಳೆಗಳು ತಿರುಗಿ ಮಲಗುತ್ತವೆ, ಒಣಗಿದ ಮೇಲೆ ಆ ದಿಕ್ಕು ಹಾಳೆಯಲ್ಲಿ ಉಳಿದುಬಿಡುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಕಾಗದ ಕಾರ್ಖಾನೆಯಲ್ಲಿ ಸಂಬಂಧಿಕರೊಬ್ಬರಾದರೂ ಕೆಲಸಕ್ಕಿದ್ದ ಮನೆಗಳು ಇಲ್ಲಿ ಎಷ್ಟೋ. ಮಲೆನಾಡಿನ ಗುಡ್ಡಗಳಲ್ಲಿ ಇವತ್ತಿಗೂ ಕಾಣುವ ನೀಲಗಿರಿ, ಅಕೇಶಿಯಾ ನೆಡುತೋಪುಗಳಲ್ಲಿ ಬಹಳಷ್ಟು ಆ ಕಾಗದಕ್ಕಾಗಿಯೇ ಎದ್ದವು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ರೈಲು ಭದ್ರಾವತಿ ದಾಟುವಾಗ ಕಿಟಕಿಯಿಂದ ಬರುತ್ತಿದ್ದ ಕಾಗದ ಬೇಯುವ ವಾಸನೆ ಗೊತ್ತಿಲ್ಲದ ಮಕ್ಕಳು ಈಗ ದೊಡ್ಡವರಾಗುತ್ತಿದ್ದಾರೆ.

ನಾರಿನ ದಿಕ್ಕು ಕಂಡುಹಿಡಿಯುವುದು ಸುಲಭ. ರಟ್ಟಿನ ತುಂಡನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಾಗಿಸಿ ನೋಡಿ. ಒಂದು ಕಡೆ ಅದು ಮಾತು ಕೇಳುತ್ತದೆ, ಇನ್ನೊಂದು ಕಡೆ ತಡೆಯುತ್ತದೆ. ತಡೆಯುವ ಬಲ ಸುಮಾರಾಗಿ ಎರಡು ಪಟ್ಟು ಇರುತ್ತದೆ. ಹರಿದು ನೋಡಿದರೂ ಗೊತ್ತಾಗುತ್ತದೆ, ನಾರಿನ ಕಡೆ ಸೀಳು ನೇರ ಓಡುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟ ಹೋಗುತ್ತದೆ. ಕೊಳವೆ ಸುತ್ತುವಾಗ ನಾರು ಕೊಳವೆಯ ಉದ್ದಕ್ಕೆ ಇರಬೇಕು. ರೆಕ್ಕೆಗೆ ನಾರು ಒಡಲಿನಿಂದ ತುದಿಯ ಕಡೆಗೆ ಓಡಬೇಕು, ಇಲ್ಲದಿದ್ದರೆ ವಾರದಲ್ಲಿ ರೆಕ್ಕೆ ಜೋಲುತ್ತದೆ. ಡಬ್ಬಿ ಮಾಡಿದವರು ತಮ್ಮ ಅನುಕೂಲ ನೋಡಿಕೊಂಡು ನಾರನ್ನು ಇಟ್ಟಿರುತ್ತಾರೆ. ನಿಲ್ಲಿಸಿ ಮಾರುವ ಡಬ್ಬಿಯ ಹೊಟ್ಟೆ ಉಬ್ಬದಿರಲೆಂದು ಸಾಮಾನ್ಯವಾಗಿ ಡಬ್ಬಿಯನ್ನು ಸುತ್ತುವರಿಯುವಂತೆ ಅಡ್ಡಕ್ಕೆ. ಹೀಗಾಗಿ ನನ್ನ ಒಡಲಿನ ಉದ್ದವನ್ನು ಡಬ್ಬಿಯ ಸುತ್ತಳತೆಯಿಂದ ತೆಗೆಯಬೇಕಾಗುತ್ತದೆ, ಡಬ್ಬಿಯ ಹಳೆಯ ಮಡಿಕೆಗಳು ಕೊಳವೆಗೆ ಅಡ್ಡ ಬೀಳುತ್ತವೆ. ಆ ಮಡಿಕೆ ಬಿದ್ದ ಕಡೆಯೇ ಒಳಗೊಂದು ಉಂಗುರ ಕೂರಿಸುತ್ತೇನೆ. ಉಂಗುರಗಳ ಜಾಗವನ್ನು ಅರ್ಧ ನಾನು ತೀರ್ಮಾನಿಸುತ್ತೇನೆ, ಉಳಿದರ್ಧವನ್ನು ಡಬ್ಬಿ ತೀರ್ಮಾನಿಸುತ್ತದೆ.

ಇನ್ನೊಂದು ವಿಷಯ, ಹಿಂಬದಿ ಬೂದು ಬಣ್ಣವಿರುವ ರಟ್ಟು ಹಳೆಯ ಕಾಗದದಿಂದ ಮರಳಿ ಮಾಡಿದ್ದು. ಮರಳಿ ಅರೆದಂತೆಲ್ಲ ನಾರು ತುಂಡಾಗುತ್ತ ಹೋಗುತ್ತದೆ. ಹಾಗಾಗಿ ನೇರ ಮಡಚಿದರೆ ಅಂಚು ಸಿಡಿಯುತ್ತದೆ. ರೀಫಿಲ್ಲಿನ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಒತ್ತಿ ಗೀರಿ ಆಮೇಲೆ ಮಡಚಬೇಕು. ಲಗ್ನಪತ್ರಿಕೆಯ ಕಾಗದ ಇದಕ್ಕಿಂತ ಎಷ್ಟೋ ಮೇಲು; ಬಾಲದ ತೆಳು ಅಂಚುಗಳಿಗೆ, ಪ್ರೊಪೆಲ್ಲರಿನ ಅಲಗುಗಳಿಗೆ ಅದೇ ಬೇಕು. ಗಣಪತಿಯ ಚಿತ್ರವಿರುವ ಭಾಗಕ್ಕೆ ಮಾತ್ರ ಕತ್ತರಿ ಹಾಕುವುದಿಲ್ಲ. ಅದನ್ನು ಬೇರೆ ತೆಗೆದಿಡುವುದು ನಮ್ಮ ಮನೆಯ ಕ್ರಮ.

ಪುನರ್ವಸು ಮಳೆಯಲ್ಲಿ

ತೀರ್ಥಹಳ್ಳಿ ಕಡೆಯ ದೊಡ್ಡಮ್ಮನ ಮನೆಯಲ್ಲಿ ಕಳೆದ ಆ ಮಳೆಗಾಲದ ದಿನಗಳನ್ನು ಇಲ್ಲಿ ಹೇಳಲೇಬೇಕು. ಪುನರ್ವಸು ಮಳೆ ಹಿಡಿದಿತ್ತು, ಶಾಲೆಗೆ ಮಳೆ ರಜೆ. ಅಕ್ಕನ ಮಗ ನನ್ನ ಜೊತೆ ಬಂದಿದ್ದ. ಹೊರಗೆ ಕಾಲಿಡುವ ಹಾಗಿಲ್ಲ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಅಲ್ಲಿ ಆ ದಿನಗಳಲ್ಲಿ ಬೆಂಕಿಪೊಟ್ಟಣದಿಂದ ಹಿಡಿದು ಹಾಸಿಗೆಯವರೆಗೆ ಎಲ್ಲದರಲ್ಲೂ ಥಂಡಿ. ಕಾಗದದ ನಾರು ನೀರು ಕುಡಿದರೆ ಉದ್ದಕ್ಕೆ ಹಿಗ್ಗುವುದು ಬಹಳ ಕಡಿಮೆ, ದಪ್ಪಕ್ಕೆ ಉಬ್ಬುವುದೇ ಹೆಚ್ಚು. ಹಾಗಾಗಿ ಹಾಳೆ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಇದನ್ನು ಅಳಿಯನಿಗೆ ತೋರಿಸಲು ಮಲೆನಾಡಿನ ಆಷಾಢಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ ಎಂದುಕೊಂಡು ಒಂದೇ ಡಬ್ಬಿಯಿಂದ ಎರಡು ಕೊಳವೆ ಸುತ್ತಿದೆವು. ಒಂದರಲ್ಲಿ ನಾರು ಉದ್ದಕ್ಕೆ, ಇನ್ನೊಂದರಲ್ಲಿ ಸುತ್ತಲೂ. ಮೈದಾ ಅಂಟು ಹಚ್ಚಿ, ನೂಲು ಸುತ್ತಿ, ಜಗಲಿಯ ದಳಿಯ ಮೇಲೆ ಇಟ್ಟು ಮಲಗಿದೆವು.

ಬೆಳಿಗ್ಗೆ ನೋಡಿದರೆ ಮೊದಲನೆಯದು ದುಂಡಗೇ ಇತ್ತು. ಎರಡನೆಯದು ಅಂಟು ಬಿಟ್ಟುಕೊಂಡು ಬಾಯಿ ತೆರೆದಿತ್ತು, ಸುತ್ತಲೂ ಸಣ್ಣ ಸಣ್ಣ ಮುರಿತದ ಗೆರೆಗಳು. ಅಳಿಯ ಎರಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನಾನು ನಾರಿನ ದಿಕ್ಕಿನ ಬಗ್ಗೆ ವಿವರಿಸುತ್ತಿದ್ದೆ. ಒಳಗಿನಿಂದ ಕಾಫಿ ತಂದ ದೊಡ್ಡಮ್ಮ ನಿಂತು ಕೇಳಿದರು. "ಅಡಿಕೆ ಹಾಳೇದೂ ಅದೇ ಅಲ್ವನಾ," ಎಂದರು. "ಒಣ ಹಾಳೆ ಮಡಚಕ್ಕೆ ಹೋದ್ರೆ ಸೀಳ್ತದೆ. ನೆನೆಸಿ, ನಾರು ನೋಡ್ಕಂಡು ಮಡಚಬೇಕು. ಟೋಪಿ ಮಾಡೋರೆಲ್ಲ ಹಂಗೇ ಮಾಡ್ತಿದ್ರು. ಇದೆಂತ ಹೊಸ ವಿಚಾರ ಅಂತ ಹೇಳಿಕೊಡ್ತಿದೀಯ ಮಾರಾಯ ಅವನಿಗೆ?" ಹೇಳಿದವರೇ ಅಂಗಳದ ಮೂಲೆಯಿಂದ ಅಡಿಕೆ ಮರದಿಂದ ಉದುರಿದ ಒಂದು ಹಾಳೆ ತಂದು, ನೀರಲ್ಲಿ ಅದ್ದಿ, ಹುಡುಗನ ಕೈಗೆ ಕೊಟ್ಟು ಮಡಚಿಸಿದರು. ಅವನಿಗೆ ಅರ್ಥವಾದದ್ದು ನನ್ನ ಕೊಳವೆಗಳಿಂದಲ್ಲ, ಆ ಹಾಳೆಯಿಂದ. "ಮಾವ, ರಟ್ಟೂ ಒಂದು ಮರ ಆಗಿತ್ತಲ್ವಾ" ಎಂದು ಅವನೇ ಹೇಳಿದ.

ಅಂಟು ಒಣಗಿಸುವ ದಾರಿಯನ್ನೂ ದೊಡ್ಡಮ್ಮನೇ ತೋರಿಸಿದ್ದು. ಬಚ್ಚಲ ಒಲೆಯ ಮೇಲಿನ ತಟ್ಟಿಯಲ್ಲಿ ಅಡಿಕೆಯ ಪಕ್ಕ ರೆಕ್ಕೆಗಳು, ಬಾಲಗಳು ಸಾಲಾಗಿ ಮಲಗಿದವು. ಹೊಗೆಗೆ ರಟ್ಟು ಸ್ವಲ್ಪ ಹಳದಿಗೆ ತಿರುಗಿತು. ಆದರೆ ಆ ಬೇಸಿಗೆಯಲ್ಲೂ ಮುಂದಿನ ಮಳೆಗಾಲದಲ್ಲೂ ಸೊಟ್ಟಗಾಗದೆ ನಿಂತದ್ದು ಆ ತಟ್ಟಿಯ ಮೇಲೆ ನಿಧಾನಕ್ಕೆ ಒಣಗಿದ ರೆಕ್ಕೆಗಳೇ. ಹೇರ್ ಡ್ರೈಯರ್ ಹಿಡಿದು ಒಣಗಿಸಿದರೆ ಒಂದು ಮುಖ ಬೇಗ ಒಣಗಿ ರಟ್ಟು ಆ ಕಡೆಗೆ ಸುರುಳಿಯಾಗುತ್ತದೆ.

ಸೋಗಾನೆಯ ಬೇಲಿಯಾಚೆ

2023ರ ಫೆಬ್ರವರಿ 27ರಂದು ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅದು ಎಟಿಆರ್ 72. ಅಲ್ಲಿಯವರೆಗೆ ನಮಗೆ ವಿಮಾನ ಎಂದರೆ ತುಂಬ ಎತ್ತರದಲ್ಲಿ ಹೋಗುವ ಬಿಳಿ ಗೆರೆ, ಇಲ್ಲವೇ ಚುನಾವಣೆಗೆ ಮೈದಾನದಲ್ಲಿ ಇಳಿಯುವ ಹೆಲಿಕಾಪ್ಟರು. ಮಳೆ ಬಿಟ್ಟ ಮೇಲೆ ಒಂದು ದಿನ ಅಳಿಯನನ್ನು ಕರೆದುಕೊಂಡು ಹೋಗಿ ಬೇಲಿಯಾಚೆ ರಸ್ತೆ ಬದಿಯಲ್ಲಿ ನಿಂತೆ. ನಮ್ಮ ಹಾಗೇ ನೋಡಲು ಬಂದವರು ಇನ್ನೂ ಕೆಲವರಿದ್ದರು.

ವಿಮಾನ ಇಳಿದು ನಿಂತಿತು. ರಟ್ಟಿನಲ್ಲಿ ಕಟ್ಟಿದ ಮೇಲೆ ನೋಡುವ ನೋಟವೇ ಬೇರೆ ಎಂದು ಅವತ್ತು ಅಳಿಯನನ್ನು ನೋಡಿ ತಿಳಿಯಿತು. ಉಳಿದ ಮಕ್ಕಳು ಕೈಬೀಸುತ್ತಿದ್ದರೆ ಇವನು ಪ್ರೊಪೆಲ್ಲರಿನ ಅಲಗು ಎಣಿಸುತ್ತಿದ್ದ: ಒಂದೊಂದಕ್ಕೆ ಆರು. ರೆಕ್ಕೆ ಒಡಲಿನ ನೆತ್ತಿಯ ಮೇಲೆ ಕೂತಿರುವುದರಿಂದ ಸುಮಾರು ನಾಲ್ಕು ಮೀಟರ್ ಅಗಲದ ಆ ಪ್ರೊಪೆಲ್ಲರ್ ನೆಲ ತಾಗದೆ ತಿರುಗುತ್ತದೆ, ಒಡಲು ಮಾತ್ರ ನೆಲಕ್ಕೆ ಹತ್ತಿರ ಇರುತ್ತದೆ ಎಂದು ಅವನೇ ಕಂಡುಕೊಂಡ. "ಮಾವ, ಹಿಂದಿನ ಬಾಗ್ಲಿಂದ ಇಳೀತಿದಾರೆ, ಮುಂದಿಂದು ಎಂತಕ್ಕೆ ತೆಗೀಲಿಲ್ಲ?" ಎಂದು ಕೇಳಿದ. ಎಟಿಆರ್‌ನಲ್ಲಿ ಜನ ಹತ್ತುವುದು ಹಿಂದಿನ ಬಾಗಿಲಿಂದ, ಮುಂದಿನದು ಸಾಮಾನಿಗೆ ಎಂದೆ. ರನ್‌ವೇ ಎಷ್ಟು ಉದ್ದ ಎಂದ. 3,200 ಮೀಟರ್ ಎಂದೆ. "ಹಂಗಾದ್ರೆ ನಮ್ಮದಕ್ಕೆ 32 ಮೀಟರ್ ಬೇಕು," ಎಂದು ಲೆಕ್ಕ ಹಾಕಿ, ದೊಡ್ಡಜ್ಜಿಯ ಅಡಿಕೆ ಅಂಗಳದಲ್ಲಿ ಅಷ್ಟು ಜಾಗ ಸಿಗುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಮಾತಾಡಿದ.

ನಾನು ಅವನಿಗೆ ಇನ್ನೊಂದು ವಿಷಯ ಹೇಳಿದೆ. ಎದುರಿಗೆ ನಿಂತ ಆ ರೆಕ್ಕೆಯ ತುದಿಯ ಕಡೆಯ ಭಾಗ ಲೋಹವಲ್ಲ, ಕಾರ್ಬನ್ ನಾರು. 1988ರಲ್ಲಿ ಮೊದಲು ಹಾರಿದ ಎಟಿಆರ್ 72, ರೆಕ್ಕೆಯ ಭಾರ ಹೊರುವ ಪೆಟ್ಟಿಗೆಯಂಥ ಭಾಗದಲ್ಲೇ ಕಾರ್ಬನ್ ನಾರನ್ನು ಬಳಸಿದ ಮೊದಲ ಪ್ರಯಾಣಿಕರ ವಿಮಾನ. ಆ ನಾರು ಒಂದು ದಿಕ್ಕಿನಲ್ಲಿ ಬಲ, ಅಡ್ಡ ದಿಕ್ಕಿನಲ್ಲಿ ದುರ್ಬಲ. ಯಾವ ಪದರದ ನಾರು ಯಾವ ಕಡೆಗೆ ಓಡಬೇಕು ಎಂದು ಯೋಚಿಸಿ ಪದರದ ಮೇಲೆ ಪದರ ಹಾಸಿ ಬೇಯಿಸುತ್ತಾರೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಳೆ ಟೋಪಿ ತರ" ಎಂದ.

"ಹಾರದಿದ್ರೆ ಎಂತಕ್ಕೆ" ಎಂದು ಕೇಳುವವರಿಗೆ ಈಗ ನಾನು ಕೊಡುವ ಉತ್ತರ ಇದು: ಗಾಳಿಯ ಕೆಲಸ ನನ್ನ ಮಾದರಿಯಲ್ಲಿಲ್ಲ, ಕಟ್ಟುವವರ ಕೆಲಸ ಇದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್‌ನಲ್ಲಿ ಆಕಾರ ಅಚ್ಚಿನಿಂದ ಬರುತ್ತದೆ, ಅದು ನೋಡಲು ನನ್ನದಕ್ಕಿಂತ ಎಷ್ಟೋ ಚಂದ. ಪೋಲೆಂಡಿನಲ್ಲಿ 1957ರಿಂದ ರಟ್ಟಿನ ಮಾದರಿಗಳಿಗೆಂದೇ ಪತ್ರಿಕೆಯೊಂದು ಹೊರಡುತ್ತಿತ್ತು. ಅದರ ಹಾಳೆಗಳನ್ನು ಕತ್ತರಿಸಿ ಅಂಟಿಸಿ ಬೆಳೆದವರು ಅಲ್ಲಿ ತಲೆಮಾರುಗಟ್ಟಲೆ ಇದ್ದಾರೆ. ಅಚ್ಚಾದ ಹಾಳೆಯಲ್ಲಿ ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು ಎಂಬುದನ್ನು ಬೇರೆಯವರು ಮೊದಲೇ ತೀರ್ಮಾನಿಸಿರುತ್ತಾರೆ. ಮನೆಯ ಡಬ್ಬಿ ಹಿಡಿದಾಗ ಅಷ್ಟನ್ನೂ ನಾವೇ ಯೋಚಿಸಬೇಕು. ನಾನು ಡಬ್ಬಿಯನ್ನು ಬಿಡದಿರುವುದು ಆ ಯೋಚನೆಗಾಗಿ. ದುಡ್ಡು ಉಳಿಯುವುದಕ್ಕಲ್ಲ.

ಮೂತಿ

ಸದ್ಯ ಮೇಜಿನ ಮೇಲಿರುವುದು ಅಳಿಯನ ಎಟಿಆರ್. ಮೂರು ಸೆಂಟಿಮೀಟರಿಗೆ ತುಸು ಕಡಿಮೆ ದಪ್ಪದ ಒಡಲು ಮುಗಿದಿದೆ. ಹಿಂದಿನ ಬಾಗಿಲನ್ನು ತೆರೆದು ಮೆಟ್ಟಿಲು ಇಳಿಬಿಟ್ಟಿದ್ದಾನೆ, ಮುಂದಿನದನ್ನು ಸಾಮಾನಿಗೆ ಬಿಟ್ಟಿದ್ದಾನೆ. ರೆಕ್ಕೆಯ ಒಳಗೆ ತೆಂಗಿನ ಹಿಡಿಕಡ್ಡಿ ಕೂರಿಸಿದ್ದಾನೆ. ಚಾಲಕರ ಕಿಟಕಿಗೆ ಮಾತ್ರೆಯ ಶೀಟಿನ ಚಪ್ಪಟೆ ಅಂಚನ್ನು ಕತ್ತರಿಸಿ ಇಟ್ಟಿದ್ದಾನೆ. ಉಳಿದದ್ದು ಮೂತಿ.

ಹಾಳೆಯಿಂದ ಕೊಳವೆಯಾಗುತ್ತದೆ, ಶಂಕುವಾಗುತ್ತದೆ. ಎರಡೂ ಒಂದೇ ದಿಕ್ಕಿಗೆ ಬಾಗುವ ಆಕಾರಗಳು. ಎಟಿಆರ್‌ನ ಮೂತಿ ಎರಡೂ ದಿಕ್ಕಿಗೆ ಬಾಗುತ್ತದೆ. ಚಕ್ಕೋತದ ಸಿಪ್ಪೆಯನ್ನು ಹರಿಯದೆ ನೆಲದ ಮೇಲೆ ಚಪ್ಪಟೆಯಾಗಿ ಹಾಸಲು ಬರುವುದಿಲ್ಲವಲ್ಲ, ಅದೇ ತೊಡಕು ಇಲ್ಲಿ ತಿರುವುಮುರುವಾಗಿ ಬರುತ್ತದೆ. ನನ್ನ ಕ್ರಮ ಎಸಳು ಕತ್ತರಿಸುವುದು. ಲಗ್ನಪತ್ರಿಕೆಯ ಕಾಗದದಲ್ಲಿ ತುದಿ ಚೂಪಾದ ಕಿರಿದಾದ ಎಸಳುಗಳನ್ನು ಬಿಡಿಸಿ, ಒಂದೊಂದನ್ನೂ ಚಮಚದ ಬೆನ್ನಿನಿಂದ ಅಂಗೈ ಮೇಲೆ ತಿಕ್ಕಿ ಬಾಗಿಸಿ, ಒಳಗಿನಿಂದ ಪಟ್ಟಿ ಕೊಟ್ಟು ಜೋಡಿಸುತ್ತ ಹೋಗುವುದು. ಎಸಳು ಹೆಚ್ಚಾದಷ್ಟೂ ದುಂಡು ಬರುತ್ತದೆ, ತಾಳ್ಮೆಯೂ ಅಷ್ಟೇ ಬೇಕಾಗುತ್ತದೆ.

ಅಳಿಯನಿಗೆ ಇದು ಒಪ್ಪಿಗೆಯಿಲ್ಲ. ಅವನು ಮೊಟ್ಟೆಯ ಟ್ರೇಯನ್ನು ನೀರಲ್ಲಿ ನೆನೆಸಿ, ಅರೆದು, ಮೈದಾ ಅಂಟು ಕಲಸಿ, ಅಚ್ಚಿಗೆ ಮೆತ್ತಿ ಮೂತಿ ತೆಗೆಯುತ್ತೇನೆ ಎನ್ನುತ್ತಾನೆ. ಟ್ರೇ ಮಾಡಿದ್ದೂ ಹಂಗೇ ಅಲ್ವಾ ಎಂದು ಕೇಳುತ್ತಾನೆ. ಅದು ನಿಜ; ಮೊಟ್ಟೆಯ ಟ್ರೇಯನ್ನು ಮಡಚಿ ಮಾಡುವುದಿಲ್ಲ, ತಿರುಳನ್ನು ಅಚ್ಚಿಗೆ ಹೀರಿಸಿ ತೆಗೆಯುತ್ತಾರೆ. ಆದರೆ ತಿರುಳು ಒಣಗುವಾಗ ಕುಗ್ಗುತ್ತದೆ, ಒಡಲಿಗೆ ಸರಿಯಾಗಿ ಕೂರುವ ಅಳತೆ ಸಿಗುವುದು ಕಷ್ಟ, ಮೂತಿ ಭಾರವೂ ಆಗುತ್ತದೆ ಎಂದು ನಾನು. ಭಾರ ಆದ್ರೆ ಒಳ್ಳೇದೇ, ಮೂತಿಗೆ ಭಾರ ಬೇಕು ಅಂತ ನೀನೇ ಹೇಳಿದ್ದು ಎಂದು ಅವನು. ನಿನ್ನೆ ಶಿವಮೊಗ್ಗದ ಮನೆಯ ಟೆರೇಸಿನಲ್ಲಿ ಒಂದು ಬಕೆಟ್ ತುಂಬ ಟ್ರೇ ನೆನೆಹಾಕಿದ್ದಾನೆ. ಅಚ್ಚಿಗೆ ಯಾವ ಬಲ್ಬು ಆಗುತ್ತದೆ ಎಂದು ಹುಡುಕುತ್ತಿದ್ದಾನೆ, ನಾನು ಎಸಳುಗಳನ್ನು ಬಿಡಿಸುತ್ತಿದ್ದೇನೆ. ಒಡಲಿನ ಬಾಯಿಯ ಅಳತೆ ಇಬ್ಬರಿಗೂ ಒಂದೇ.